ಒಂದು ಕ್ವಿಂಟಾಲಿನ ವಿಮಾನ

ಏಳು ವರ್ಷ ತಲೆ ಕೆಡಿಸಿಕೊಂಡು, ಬಿದಿರು ಸೀಳಿ, ಹೊಟ್ಟೆ ಕಟ್ಟಿ, ಕೊನೆಗೆ ಒಂದು ಕ್ವಿಂಟಾಲ್ ಕಬ್ಬಿಣವನ್ನು ಗಾಳಿಗೆ ಹಾರಿಸಿ ತಾನು ಮಾತ್ರ ನೆಲದ ಮೇಲೇ ಕುಳಿತಿದ್ದ ಮನುಷ್ಯ ನಿಮ್ಮ ಬಳಗದಲ್ಲಿ ಯಾರಾದರೂ ಇದ್ದಾರೆಯೇ? ನಮ್ಮ ಬಳಗದಲ್ಲಿದ್ದಾರೆ. ನನ್ನ ಅಕ್ಕನ ಗಂಡ, ಅಂದರೆ ನಮ್ಮ ಭಾವನವರು. ಅವರು ಹಾರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಓದುವವರ ಎದೆ ಹೊಡೆದುಕೊಳ್ಳುವುದು ಬೇಡ, ನಮ್ಮದು ಹೊಡೆದುಕೊಂಡದ್ದೇ ಸಾಕು.

ಭಾವನವರಿಗೆ ಹೊಸದುರ್ಗದ ಕೊಬ್ಬರಿ ಮಂಡಿಯಲ್ಲಿ ತೂಕ ಹಾಕುವ ಕೆಲಸ. ಹದಿನೆಂಟನೆಯ ವಯಸ್ಸಿನಿಂದ ತಕ್ಕಡಿ ಹಿಡಿದವರು. ಅವರು ತೂಗಿದ ಚೀಲವನ್ನು ಇನ್ನೊಬ್ಬರು ತೂಗಿ ನೋಡುವುದು ಊರಿನಲ್ಲಿ ಮರ್ಯಾದೆಯಲ್ಲ. ತಕ್ಕಡಿ ಇಲ್ಲದಿದ್ದರೂ ನಡೆಯುತ್ತಿತ್ತು, ಕಣ್ಣೇ ತಕ್ಕಡಿ. ಮನೆಗೆ ಬಂದ ನೆಂಟರಿಗೆ ಅಕ್ಕ ಕಾಲಿಗೆ ನೀರು ಕೊಡುವಷ್ಟರಲ್ಲಿ ಇವರು ತೂಗಿ ಮುಗಿಸಿರುತ್ತಿದ್ದರು.

"ಬಾರವ್ವ. ಹೋದ ದೀಪಾವಳಿಗಿಂತ ಮೂರು ಕೆಜಿ ಜಾಸ್ತಿ ಆಗೀಯ."

ಹೆಣ್ಣುಮಕ್ಕಳಿಗೆ ಹೇಳುವ ಮಾತೇ ಇದು? ಆದರೆ ಸುಳ್ಳೆಂದು ವಾದಿಸುವ ಹಾಗೂ ಇರಲಿಲ್ಲ. ನನಗೆ ಮೂರು ಕೆಜಿ ಹೆಚ್ಚಾಗಿದ್ದು ನಿಜ. ಉಣ್ಣಲು ಕೊಟ್ಟಿದ್ದಾನಲ್ಲ ದೇವರು ಎಂದು ಸಮಾಧಾನ ಮಾಡಿಕೊಂಡು ಒಳಗೆ ಹೋಗುತ್ತಿದ್ದೆ.

ಇಂಥ ನೆಲಕ್ಕಂಟಿದ ಕೆಲಸದವರಿಗೆ ಆಕಾಶದ ಹುಚ್ಚು ಹಿಡಿದದ್ದು ಹೇಗೆಂದರೆ, ಮಂಡಿಗೆ ರದ್ದಿ ಕಾಗದದ ಕಟ್ಟಿನಲ್ಲಿ ಬಂದ ಒಂದು ಇಂಗ್ಲಿಷ್ ಮಾಸಪತ್ರಿಕೆಯಿಂದ. ಅದರಲ್ಲಿ ಒಬ್ಬ ಬಿಳೀ ದೊರೆ ರೆಕ್ಕೆ ಕಟ್ಟಿದ ಸೈಕಲ್ಲಿನ ಮೇಲೆ ಕುಳಿತ ಚಿತ್ರವಿತ್ತು. ಭಾವನವರು ಎಸ್ಸೆಸ್ಸೆಲ್ಸಿವರೆಗೆ ಓದಿದವರು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ನಾಲ್ಕು ಹಾಳೆಯನ್ನು ನಾಲ್ಕು ತಿಂಗಳು ಓದಿದರು. ಎಂಜಿನ್ನಿಲ್ಲದೆ, ಪೆಟ್ರೋಲಿಲ್ಲದೆ, ಬರೀ ಕಾಲಿನ ಬಲದಿಂದ ಮನುಷ್ಯ ಹಾರಬಹುದೋ ಇಲ್ಲವೋ ಎಂಬುದು ಅದರ ವಿಷಯ. ಓದಿ ಮುಗಿಸಿದ ಮೇಲೆ ಯಾರು ಸಿಕ್ಕರೂ ಅದರದೇ ಪುರಾಣ.

"ಸಾವಿರ ವರ್ಷದ ಕೆಳಗೆ ಇಂಗ್ಲೆಂಡಿನಾಗೆ ಒಬ್ಬ ಸನ್ಯಾಸಿ ಇದ್ದ ಕಣವ್ವ. ಕೈಗೆ ಕಾಲಿಗೆ ರೆಕ್ಕೆ ಕಟ್ಕಂಡು ಅವರ ಗುಡಿ ಗೋಪುರದ ಮ್ಯಾಲಿಂದ ಹಾರಿದ. ಒಂದು ಫರ್ಲಾಂಗು ಹೋದ."

"ಆಮೇಲೆ?" ಎಂದೆ ನಾನು.

"ಆಮೇಲೆ ಬಿದ್ದ. ಎರಡೂ ಕಾಲು ಮುರೀತು. ಬಾಲ ಕಟ್ಟಿಕೊಳ್ಳಾದು ಮರೆತೆ, ಅದಕ್ಕೇ ಬಿದ್ದೆ ಅಂದನಂತೆ."

ಅಕ್ಕ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ತಲೆ ಎತ್ತದೆ ಹೇಳಿದಳು. "ಬಾಲ ಒಂದು ಕಮ್ಮಿ ಇತ್ತು ಅಂತ ಅವನಿಗೇ ಗೊತ್ತಿತ್ತಲ್ಲ. ಉಳಿದದ್ದೆಲ್ಲ ಕೋತೀದೇ ಇತ್ತು."

ಭಾವನವರು ಇದಕ್ಕೆಲ್ಲ ಬೇಸರಿಸುವವರಲ್ಲ. ಇಟಲಿ ದೇಶದಲ್ಲಿ ಒಬ್ಬ ದೊಡ್ಡ ಚಿತ್ರಗಾರ ಜೀವಮಾನವಿಡೀ ರೆಕ್ಕೆಯ ಚಿತ್ರಗಳನ್ನೇ ಬರೆದು ಹಾರದೆ ಸತ್ತದ್ದು, ಫ್ರಾನ್ಸಿನಲ್ಲಿ ಸೈಕಲ್ಲಿಗೆ ರೆಕ್ಕೆ ಕಟ್ಟಿ ಯಾರು ಹತ್ತು ಮಾರು ನೆಗೆಯುತ್ತಾರೋ ಅವರಿಗೆ ಬಹುಮಾನವೆಂದು ಸಾರಿದ್ದು, ಇಂಗ್ಲೆಂಡಿನ ಕಾಲೇಜು ಹುಡುಗರು ಪೆಡಲು ತುಳಿದು ನೆಲ ಬಿಟ್ಟು ಎದ್ದೇಬಿಟ್ಟದ್ದು, ಎಲ್ಲವನ್ನೂ ಕಣ್ಣಾರೆ ಕಂಡವರಂತೆ ಹೇಳುತ್ತಿದ್ದರು. "ಎಲ್ಲರೂ ಎಲ್ಲಿ ಸೋತರು ಗೊತ್ತೇನು? ತೂಕದಾಗೆ. ರೆಕ್ಕೆ ಕಟ್ಟಾದು ಗೊತ್ತು ಅವರಿಗೆ. ತೂಕ ಹಾಕಾದು ಗೊತ್ತಿಲ್ಲ. ತೂಕ ನಂಗೆ ಗೊತ್ತೈತೆ."

ಲೆಕ್ಕ ಹಾಕಿ ಹಾಕಿ ಒಂದು ನಿಯಮ ಮಾಡಿಕೊಂಡರು. ವಿಮಾನ ಮತ್ತು ಅದರ ಮೇಲೆ ಕೂರುವ ಮನುಷ್ಯ, ಎರಡೂ ಸೇರಿ ಒಂದು ಕ್ವಿಂಟಾಲ್ ದಾಟಬಾರದು. ದಾಟಿದರೆ ಹಾರುವ ಮಾತಿಲ್ಲ. ಆ ಇಂಗ್ಲಿಷ್ ಪತ್ರಿಕೆಯಲ್ಲಿ ಕ್ವಿಂಟಾಲಿನ ಸುದ್ದಿ ಇತ್ತೋ ಇಲ್ಲವೋ ನಾನರಿಯೆ. ಮಂಡಿಯವರಿಗೆ ಯಾವುದೇ ಲೆಕ್ಕ ಕ್ವಿಂಟಾಲಿಗೆ ಬಂದು ನಿಂತರೇ ಸಮಾಧಾನ.

ಹಿತ್ತಲಿನಲ್ಲಿ ಕೆಲಸ ಶುರುವಾಯಿತು. ಒಂದು ಹಳೇ ಸೈಕಲ್ಲು, ಸೀಳಿದ ಬಿದಿರು, ಹುರಿ. ಮುಂದುಗಡೆ ಬಡಗಿಯಿಂದ ಮಾಡಿಸಿದ ಮರದ ಫ್ಯಾನು. ಪೆಡಲು ತುಳಿದರೆ ಚೈನು ಎಳೆದು ಫ್ಯಾನು ತಿರುಗಬೇಕು. ರೆಕ್ಕೆ ಕಟ್ಟುವ ಮೊದಲು ಫ್ಯಾನನ್ನಷ್ಟೇ ಪರೀಕ್ಷೆ ಮಾಡಿದರು. ಅಕ್ಕ ಅದೇ ದಿನ ಅದೇ ಹಿತ್ತಲಿನಲ್ಲಿ ಚಾಪೆ ಹಾಸಿ ಇನ್ನೂರು ಹಪ್ಪಳ ಒಣಹಾಕಿದ್ದಳು. ಭಾವನವರು ಕಣ್ಣು ಮುಚ್ಚಿ ಶಿವನಾಮ ಹೇಳಿ ತುಳಿದದ್ದೇ ತಡ, ಇನ್ನೂರು ಹಪ್ಪಳ ಗೋಡೆ ದಾಟಿ ಪಕ್ಕದ ಮನೆಯವರ ದನದ ಕೊಟ್ಟಿಗೆಗೆ ಇಳಿದವು. ನಮ್ಮ ಮನೆತನದಲ್ಲಿ ಮನುಷ್ಯನ ಕಾಲಿನ ಬಲದಿಂದ ಮೊದಲು ಹಾರಿದ್ದು ಹಪ್ಪಳ. ಅಕ್ಕ ಅವತ್ತು ಮೆಣಸಿನಪುಡಿ ಹರವಿರಲಿಲ್ಲ, ಅದೊಂದು ಪುಣ್ಯ.

ಆಮೇಲೆ ರೆಕ್ಕೆಗೆ ಬಟ್ಟೆ ಬೇಕಾಯಿತು. ಹಗುರವಾಗಿರಬೇಕು, ನೇಯ್ಗೆ ಒತ್ತಾಗಿರಬೇಕು, ಗಾಳಿ ಸೋರಬಾರದು. ಒಂದು ಭಾನುವಾರ ಅಕ್ಕನ ಟ್ರಂಕು ತೆಗೆದು ಒಂದೊಂದೇ ಸೀರೆಯನ್ನು ಚಿಕ್ಕ ತಕ್ಕಡಿಯಲ್ಲಿಟ್ಟು ತೂಗಿದರಂತೆ. ನೂಲಿನ ಸೀರೆಗಳೆಲ್ಲ ಫೇಲು. ಪಾಸಾದದ್ದು ಅಕ್ಕನ ಧಾರೆಸೀರೆ, ಮೊಳಕಾಲ್ಮೂರಿನ ರೇಷ್ಮೆ. ಅಕ್ಕ ಇದನ್ನು ನನಗೆ ಹೇಳುವಾಗ ಅಳುತ್ತಾಳೆಂದುಕೊಂಡೆ. ನಕ್ಕಳು.

"ಮದುವೆ ಆಗಿ ಹದಿನೆಂಟು ವರ್ಷಕ್ಕೆ ಮೊದಲನೇ ಸಲ, ನಿನ್ನ ಸೀರೆ ಚೆನ್ನಾಗೈತೆ ಅಂದ್ರು ಕಣೇ. ಹೆಂಗೆ ಇಲ್ಲ ಅನ್ಲಿ? ಕೊಟ್ಟುಬಿಟ್ಟೆ."

ವಿಮಾನ ನಲವತ್ಮೂರು ಕೆಜಿಗೆ ನಿಂತಿತು. ಭಾವನವರು ಅರವತ್ತೆರಡು ಇದ್ದರು. ಕೂಡಿದರೆ ಕ್ವಿಂಟಾಲ್ ದಾಟಿತು. ಬಿದಿರು ಇಳಿಯುವುದಿಲ್ಲ, ಮನುಷ್ಯ ಇಳಿಯಬೇಕು. ಸೋಮವಾರ ಉಪವಾಸ ಹಿಡಿದರು. ಅಕ್ಕ ಹಿಗ್ಗಿ ಹೀರೇಕಾಯಿಯಾದಳು. ಗುಡಿಗೆ ಬಾ ಎಂದರೆ ಮಂಡಿಗೆ ಓಡುತ್ತಿದ್ದ ಗಂಡನಿಗೆ ಭಕ್ತಿ ಬಂತಲ್ಲ ಎಂದು ತುಪ್ಪದ ದೀಪ ಹಚ್ಚಿದಳು. ಸೋಮವಾರದ ಹಿಂದೆ ಗುರುವಾರ ಬಂತು, ಶನಿವಾರ ಬಂತು. ಒಂದು ದಿನ ಏಕಾದಶಿಯೂ ಬಂತು! ಲಿಂಗ ಕಟ್ಟಿದ ಮನೆಯಲ್ಲಿ ಏಕಾದಶಿ. ಅಕ್ಕನಿಗೆ ಅನುಮಾನ ಬಂದದ್ದು ಆವಾಗಲೇ. ಉಳಿದ ದಿನಗಳಲ್ಲಿ ಮುದ್ದೆಯನ್ನು ತೂಗಿ ಉಂಡರು. ಕೋಟಿನ ಗುಂಡಿಗಳನ್ನೂ ಕಿತ್ತಿಟ್ಟರು. ಮಂಡಿಗೆ ದಿನವೂ ಹಾಕಿಕೊಂಡು ಹೋಗುವ ಕರೀ ಕೋಟು ಅದು. ಮೇಲೆ ಗಾಳಿ ತಣ್ಣಗಿರುತ್ತದೆಂದು ಹಾರುವಾಗಲೂ ಅದನ್ನೇ ಹಾಕಿಕೊಳ್ಳುವವರಿದ್ದರು, ಅದೂ ಲೆಕ್ಕಕ್ಕೆ ಸೇರಿತ್ತು. ಲಿಂಗದ ಬೆಳ್ಳಿ ಕರಡಿಗೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ.

"ಅದೂ ತೂಕವೇ ಅಲ್ವೇನು ಭಾವ?" ಎಂದು ನಾನು ಕೆಣಕಿದೆ.

"ಸ್ವಾಮಿ ಭಾರ ನಾನು ಹೊರಾದಲ್ಲವ್ವ. ನನ್ನ ಭಾರ ಸ್ವಾಮಿ ಹೊರಾದು."

ಎಷ್ಟೇ ಹುಚ್ಚಿದ್ದರೂ ಬುಡ ಗಟ್ಟಿಯಾಗಿದೆಯಲ್ಲ ಎಂದುಕೊಂಡೆ.

ಎಪ್ಪತ್ತೇಳರ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಯಾರೋ ಪೆಡಲು ತುಳಿಯುವ ವಿಮಾನದಲ್ಲಿ ಎರಡು ಕಂಬಗಳ ಸುತ್ತ ಎಂಟರ ಆಕಾರದಲ್ಲಿ ಹಾರಿ ಬಂದನೆಂಬ ಸುದ್ದಿ ಪೇಪರಿನಲ್ಲಿ ಬಂತು. ಭಾವನವರಿಗೆ ಕಾಲು ನಿಲ್ಲಲಿಲ್ಲ. "ಅವನು ಹಾರಿದ ಅಂದ್ರೆ ನಾನೂ ಹಾರ್ತೀನಿ. ಈ ಕಾರ್ತೀಕದಾಗೇ ಹಾರ್ತೀನಿ" ಎಂದು ನಮ್ಮ ರಾಮಗಿರಿಗೆ ಬಂದರು. ನಮ್ಮ ಯಜಮಾನರು ಆಗ ರಾಮಗಿರಿ ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸದಲ್ಲಿದ್ದರು, ನಮ್ಮ ಸಂಸಾರ ಅಲ್ಲೇ. ಊರ ಬೆಟ್ಟದ ಬುಡದಲ್ಲಿ ಒಂದು ಹಾಸುಬಂಡೆ ಇದೆ. ಮೇಲಿಂದ ನುಣ್ಣಗೆ ಇಳಿಜಾರು, ಕೊನೆಯಲ್ಲಿ ಗಕ್ಕನೆ ಮುಗಿದು ಎರಡಾಳು ಆಳ. ಕೆಳಗೆ ಗುಂಡುಕಲ್ಲು, ಪಾಪಾಸುಕಳ್ಳಿ. ಭಾವನವರ ಯೋಜನೆ ಏನೆಂದರೆ, ಇಳಿಜಾರಿನಲ್ಲಿ ಜೋರಾಗಿ ತುಳಿದುಕೊಂಡು ಬಂದು ಬಂಡೆ ಮುಗಿದ ಕಡೆ ಹಾರಿಬಿಡುವುದು.

"ಬಂಡೆ ಮುಗೀತು, ಹಾರಲಿಲ್ಲ ಅಂದ್ರೆ?" ಎಂದು ನಮ್ಮ ಯಜಮಾನರು ಕೇಳಿದರು.

"ತೂಕ ಸರಿ ಇದ್ರೆ ಹಾರ್ತೈತೆ."

ಅಕ್ಕ ಹೊಸದುರ್ಗದಿಂದ ಬಂದು ಆ ಅಂಚಿನಲ್ಲಿ ನಿಂತು ಕೆಳಗೆ ನೋಡಿದಳು. ಅವತ್ತಿನಿಂದ ಅವಳಿಗೆ ನಗು ನಿಂತಿತು.

ಬೈದದ್ದಾಯಿತು, ಅತ್ತದ್ದಾಯಿತು. ಕೊನೆಗೆ ನಮ್ಮ ಕಡೆ ಎಲ್ಲ ಮನೆಗಳಲ್ಲಿ ಮಾಡುವುದನ್ನೇ ಮಾಡಿದೆವು. ಬೆಟ್ಟದ ಸ್ವಾಮಿಯ ಹತ್ತಿರ ಹೂ ಕೇಳುವುದು. ಹೆಣ್ಣು ತರುವುದಿರಲಿ, ಬಾವಿ ತೋಡುವುದಿರಲಿ, ಸ್ವಾಮಿಯ ಎರಡೂ ಕಡೆ ಒದ್ದೆ ಹೂ ಅಂಟಿಸಿ ಕೇಳಿಕೊಳ್ಳುತ್ತೇವೆ. ಬಲಗಡೆ ಬಿದ್ದರೆ ಆಗಲಿ ಎಂದರ್ಥ, ಎಡಗಡೆ ಬಿದ್ದರೆ ಬೇಡ. ಭಾವನವರೂ ಒಪ್ಪಿದರು. ಎಡಗಡೆ ಬಿದ್ದರೆ ವಿಮಾನ ಬಿಚ್ಚುತ್ತೇನೆಂದು ಮಾತು ಕೊಟ್ಟರು. ಅಕ್ಕ ಮಂಡಿಯೂರಿ, "ಸ್ವಾಮಿ, ನಮ್ಮ ಯಜಮಾನ್ರಿಗೆ ಇದರಿಂದ ಒಳ್ಳೇದಾಗಾದಾದ್ರೆ ಬಲಗಡೆ ಕೊಡು" ಎಂದಳು. ಎಡಗಡೆಯ ಹೂವನ್ನೇ ದಿಟ್ಟಿಸುತ್ತಿದ್ದಳು. ನಾನೂ ಅದನ್ನೇ ನೋಡುತ್ತಿದ್ದೆ. ಬಲಗಡೆಯದು ಟಪ್ಪನೆ ಬಿತ್ತು.

ಮೆಟ್ಟಿಲಿಳಿಯುವಾಗ ಅಕ್ಕ ನನ್ನ ತೋಳು ಹಿಡಿದು, "ಸ್ವಾಮಿಗೂ ವಿಮಾನ ನೋಡೋ ಆಸೆ ಬಂತೇನೇ?" ಎಂದಳು. ನಾನು ದೇವರ ಮೇಲೆ ಅಪನಂಬಿಕೆ ಪಡುವವಳಲ್ಲ. ಆದರೆ ಅವತ್ತು ಸ್ವಾಮಿ ಸ್ವಲ್ಪ ನಿಧಾನಿಸಬಹುದಿತ್ತು ಎಂದು ನನಗೂ ಅನ್ನಿಸಿತು.

ಸ್ವಾಮಿ ಆಗಲಿ ಎಂದ ಮೇಲೆ ಬೇಡ ಎನ್ನಲು ನಾವು ಯಾರು? ಬೇಡ ಎನ್ನುವಂತಿಲ್ಲ, ಸುಮ್ಮನಿರುವಂತೆಯೂ ಇಲ್ಲ. ಆಗ ನನಗೆ ಹೊಳೆದದ್ದು ಪೂಜೆ. ಹೊಸ ಗಾಡಿಗೆ ಪೂಜೆ ಮಾಡದೆ ಹತ್ತುವುದುಂಟೇ? ಪೂಜೆ ಎಂದ ಮೇಲೆ ಹೂ ಇಲ್ಲದೆ ಆದೀತೇ? ಹೂವಿಗೆ ತೂಕ ಇಲ್ಲದೆ ಇದ್ದೀತೇ? ಉಪವಾಸ ಮಾಡಿ ಮಾಡಿ ಭಾವನವರು ಐವತ್ಮೂರಕ್ಕೆ ಇಳಿದಿದ್ದರು. "ತೊಂಬತ್ತಾರಕ್ಕೆ ತಂದಿದೀನಿ, ಇನ್ನೂ ನಾಲ್ಕು ಕೆಜಿ ಜಾಗ ಐತೆ" ಎಂದು ತಾವೇ ಜಂಬದಿಂದ ಹೇಳಿಕೊಂಡಿದ್ದರು. ಆ ನಾಲ್ಕು ಕೆಜಿಯನ್ನು ಹೂವಿನಿಂದ ತುಂಬಿಬಿಟ್ಟರೆ? ಗಾಡಿಗೆ ಏರಿಸಿದ ಪೂಜೆಯ ಹೂವನ್ನು ಅದೇ ದಿನ ಕೀಳುವ ಪದ್ಧತಿ ನಮ್ಮಲ್ಲಿಲ್ಲ. ಮಂಡಿಯಲ್ಲಿ ತೂಗಿದ ಮಾಲನ್ನು ಲಾರಿಗೆ ಹಾಕುವ ಮೊದಲು ಇನ್ನೊಂದು ಸಲ ತೂಗದೆ ಬಿಡುವ ಪದ್ಧತಿ ಭಾವನವರಲ್ಲಿಲ್ಲ, ಹಾರುವ ಮೊದಲು ತೂಗಿಯೇ ತೂಗುತ್ತಾರೆ.

ಅಕ್ಕನ ಕಣ್ಣಿನಲ್ಲಿ ಬೆಳಕು ಬಂತು. "ಕನಕಾಂಬರ ಬ್ಯಾಡ ಕಣೇ, ತೂಕ ಬರಲ್ಲ. ಚೆಂಡು ಹೂ ತರಿಸು, ಸೇವಂತಿಗೆ ತರಿಸು. ನೀರು ಚಿಮುಕಿಸಿ ಇಡಾಣ."

ಪಾಪ ಅಂಟಿತೋ ಪುಣ್ಯ ಬಂತೋ, ಒದ್ದೆ ಹೂವಿನ ಬುಟ್ಟಿ ಹೊತ್ತುಕೊಂಡು ಬೆಳಿಗ್ಗೆಯೇ ಬಂಡೆಗೆ ಹೋದೆವು. ವಿಮಾನವನ್ನು ಹಿಂದಿನ ದಿನವೇ ಕೊಬ್ಬರಿ ಲಾರಿಯಲ್ಲಿ ತಂದು ಇಳಿಸಿದ್ದರು. ನೋಡಲು ಅಂದವಾಗಿಯೇ ಇತ್ತು. ಅಕ್ಕನ ಧಾರೆಸೀರೆಯ ಜರಿ ಅಂಚು ರೆಕ್ಕೆಯ ಉದ್ದಕ್ಕೂ ಮಿನುಗುತ್ತಿತ್ತು. ಅರ್ಧ ಊರು ಬಂದು ನಿಂತಿತ್ತು. ಒಬ್ಬ ಅಜ್ಜ ಸುತ್ತ ನೋಡಿ, "ಇದು ಮಲಗೋ ಮಂಚವೇನಪ್ಪ? ಸೊಳ್ಳೆ ಪರದೆ ಮ್ಯಾಲಕ್ಕೆ ಹೋಗೈತೆ" ಎಂದ.

ನಾವು ಪೂಜೆ ಶುರುಮಾಡಿದೆವು. ಎಂಥ ಪೂಜೆ ಅಂತೀರಿ! ಹ್ಯಾಂಡಲ್ಲಿಗೆ ಎರಡು ಹಾರ, ಫ್ಯಾನಿಗೆ ಒಂದು, ಬಾಲಕ್ಕೆ ಎರಡು, ರೆಕ್ಕೆಯ ಒಂದೊಂದು ಬಿದಿರಿಗೂ ಒಂದೊಂದು ಮಾರು. ಆಯುಧಪೂಜೆಯಲ್ಲಿ ಬಸ್ಸಿಗೆ ಕಟ್ಟುವ ಹಾಗೆ ಎರಡು ಕಡೆಗೂ ಮೊಳದುದ್ದದ ಬಾಳೆಕಂದು. ಭಾವನವರು ಕೈಕಟ್ಟಿ ನಿಂತು ಎಲ್ಲವನ್ನೂ ನೋಡಿದರು. ನಾವು ಒಂದೊಂದು ಹಾರ ಏರಿಸಿದಾಗಲೂ ಅವರ ತುಟಿ ಸಣ್ಣಗೆ ಅಲ್ಲಾಡುತ್ತಿತ್ತು. ಮಂತ್ರ ಹೇಳಿಕೊಳ್ಳುತ್ತಿದ್ದಾರೆಂದುಕೊಂಡೆ. ಕೊನೆಗೆ ಅಕ್ಕ ಮಂಗಳಾರತಿ ಎತ್ತಿದಳು. ಕರ್ಪೂರ ಆರಿದ ಮೇಲೆ ಭಾವನವರು, "ಇನ್ನು ತೂಕ" ಎಂದರು.

ಹತ್ತಿರದ ಹುಣಸೆಮರದ ಕೊಂಬೆಗೆ ಮಂಡಿಯ ದೊಡ್ಡ ತಕ್ಕಡಿ ಕಟ್ಟಿಸಿದ್ದರು. ಒಂದು ಕಡೆ ಐವತ್ತು ಐವತ್ತರ ಎರಡು ತೂಕದ ಕಲ್ಲು. ಕಲ್ಲು ಅನ್ನುವುದು ರೂಢಿಯ ಮಾತು, ಇರುವುದು ಕಬ್ಬಿಣ. ಇನ್ನೊಂದು ಕಡೆಯ ಕೊಕ್ಕೆಗೆ ವಿಮಾನ. ಭಾವನವರು ಚಿಕ್ಕ ಕಲ್ಲುಗಳ ಪೆಟ್ಟಿಗೆಯ ಹತ್ತಿರ ಹೋಗಿ ಬಗ್ಗಿ ಏನೋ ನೋಡಿದರು. ಎಡಗೈಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡೇ ಬಂದು ಸೀಟಿನ ಮೇಲೆ ಕುಳಿತರು. "ಬಿಡ್ರಪ್ಪ" ಎಂದರು.

ವಿಮಾನವನ್ನು ಎತ್ತಿ ಹಿಡಿದುಕೊಂಡಿದ್ದವರು ಬಿಟ್ಟರು. ಅಕ್ಕ ನನ್ನ ಕೈಯನ್ನು ಎಷ್ಟು ಒತ್ತಿ ಹಿಡಿದಳೆಂದರೆ ಎರಡು ಬಳೆ ಒಡೆದವು. ವಿಮಾನ ಒಂದು ಕೂದಲೆಳೆಯೂ ಮೇಲೇಳಲಿಲ್ಲ, ಭಾವನವರ ಸಮೇತ ಇಳಿದು ನೆಲಕ್ಕೆ ಕೂತಿತು. ಅತ್ತ ಕಡೆಯ ಒಂದು ಕ್ವಿಂಟಾಲ್ ಕಬ್ಬಿಣ ಮೆಲ್ಲಗೆ ಎದ್ದು, ಜನರ ತಲೆ ಮಟ್ಟಕ್ಕೆ ಹೋಗಿ, ಕಾರ್ತೀಕದ ಗಾಳಿಯಲ್ಲಿ ತೂಗಾಡುತ್ತ ನಿಂತಿತು.

"ದಾಟೈತೆ" ಎಂದರು ಭಾವನವರು. ಅಷ್ಟೇ. ಇಳಿದು ಹೂವಿಗೆ ಕೈಮುಗಿದರು.

ಜನ ನಗುತ್ತ ಚದುರಿದರು. "ಹೂ ಕಿತ್ತು ಹಾಕ್ರಣ್ಣ" ಎಂದು ಯಾರೋ ಕೂಗಿದರೆ, "ಪೂಜೆ ಹೂ ಇವತ್ತೇ ಕೀಳಾಕ್ಕಾಗ್ತೈತೇನಪ್ಪ?" ಎಂದು ಇವರೇ ಗದರಿದರು. ಮಾರನೆಯ ದಿನ ಹಾರ ಬಾಡಿತ್ತು, ಆದರೆ ಭಾವನವರು ಬಂಡೆಯ ಮಾತೆತ್ತಲಿಲ್ಲ. ಸ್ವಾಮಿ ತೂಗಿ ಹೇಳಿದ ಮೇಲೆ ಮುಗಿಯಿತು ಎಂದರು. ವಿಮಾನ ಬಂದ ಲಾರಿಯಲ್ಲೇ ವಾಪಸ್ಸು ಹೋಯಿತು. ಬಿದಿರು ಹಿತ್ತಲಿನಲ್ಲಿ ಹೀರೆಬಳ್ಳಿಗೆ ಚಪ್ಪರವಾಯಿತು. ಧಾರೆಸೀರೆ ಟ್ರಂಕಿಗೆ ಮರಳಿತು. ಸೆರಗಿನಲ್ಲಿ ನಾಲ್ಕು ಮೊಳೆಯ ತೂತು, ಅಷ್ಟೇ. ಮುರಿದ ಕಾಲಿನ ಬದಲು ನಾಲ್ಕು ತೂತು. ಇದಕ್ಕಿಂತ ಅಗ್ಗದಲ್ಲಿ ದೇವರು ಯಾರನ್ನು ಬಿಟ್ಟಿದ್ದಾನೆ? ಆ ಸೋಮವಾರ ಭಾವನವರು ಎರಡು ಮುದ್ದೆ ಉಂಡರು. ಅಕ್ಕ ಮತ್ತೆ ತುಪ್ಪದ ದೀಪ ಹಚ್ಚಿದಳು, ಈ ಸಲ ಉಪವಾಸ ನಿಂತದ್ದಕ್ಕೆ.

ಎಪ್ಪತ್ತೊಂಬತ್ತರ ಜೂನ್ ತಿಂಗಳಲ್ಲಿ ನಾನು ಹೊಸದುರ್ಗದಲ್ಲಿ ಅಕ್ಕನ ಮನೆಯಲ್ಲಿದ್ದೆ. ರೇಡಿಯೋ ವಾರ್ತೆಯಲ್ಲಿ ಹೇಳಿದರು. ಪೆಡಲು ತುಳಿಯುವ ವಿಮಾನದಲ್ಲಿ ಒಬ್ಬಾತ ಇಂಗ್ಲೆಂಡಿನಿಂದ ಸಮುದ್ರ ದಾಟಿ ಫ್ರಾನ್ಸಿನಲ್ಲಿ ಇಳಿದನಂತೆ. ಭಾವನವರು ಜಗಲಿಯಲ್ಲಿ ಕುಳಿತು ಕೇಳಿದರು. ನಾನು ಹಿತ್ತಲಿನ ಕಡೆ ನೋಡಿದೆ. ಹೀರೆ ಚಪ್ಪರ ಮತ್ತೆ ರೆಕ್ಕೆಯಾದರೆ?

"ಹಾರಬಹುದು ಅಂತ ಆತಲ್ಲ" ಎಂದರು. "ಸಾಕು. ಯಾರಾದ್ರೇನು, ಮನುಷ್ಯ ಹಾರಿದ." ರೇಡಿಯೋ ಕಡೆ ತಿರುಗಿ, "ಅವನ ತೂಕ ಎಷ್ಟು ಅಂತ ಹೇಳಲೇ ಇಲ್ಲ ನೋಡು ಇವರು. ವಾರ್ತೆ ಓದೋರಿಗೆ ಅಷ್ಟೂ ತಿಳಿಯಾದಿಲ್ವೇ?"

ಆ ಮುಖದಲ್ಲಿ ಒಂದು ಚೂರೂ ಹೊಟ್ಟೆಕಿಚ್ಚಿರಲಿಲ್ಲ. ಅದನ್ನು ನೋಡಿ ನನಗೆ ಮನಸ್ಸು ತಡೆಯಲಿಲ್ಲ. ಎರಡು ವರ್ಷದಿಂದ ಹೊತ್ತಿದ್ದ ಪಾಪವನ್ನು ಇಳಿಸಿಬಿಟ್ಟೆ.

"ಭಾವ, ಅವತ್ತು ಹೂ ಅಷ್ಟೊಂದು ಏರಿಸಿದ್ದು ಬೇಕಂತಲೇ. ತೂಕ ದಾಟಲಿ ಅಂತ. ನನ್ನದೇ ಬುದ್ಧಿ. ಅಕ್ಕನ್ನ ಬೈಬ್ಯಾಡ್ರಿ."

ಭಾವನವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. "ಗೊತ್ತೈತೆ ಕಣವ್ವ. ಒಂದೊಂದು ಹಾರಕ್ಕೂ ಲೆಕ್ಕ ಹಾಕ್ಕೊಂತ ನಿಂತಿದ್ದೆ. ಬಾಳೆಕಂದು ಸೇರಿ ಎರಡೂಮುಕ್ಕಾಲು ಕೆಜಿ."

"ನಾಲ್ಕು ಕೆಜಿ ದಾಟಿತ್ತಲ್ವಾ?"

"ಎಲ್ಲಿ ದಾಟ್ತು? ಹೂ ಕಣವ್ವ ಅದು. ನೀರು ಚಿಮುಕಿಸಿದ್ರೆ ಕಬ್ಬಿಣ ಆಗ್ತೈತೇನು? ಇನ್ನೂ ಒಂದೂಕಾಲು ಕೆಜಿ ಬೇಕಾಗಿತ್ತು."

ಅವರು ಗೂಟಕ್ಕೆ ನೇತುಹಾಕಿದ್ದ ಕರೀ ಕೋಟಿನ ಕಡೆ ನೋಡಿದರು.

"ಎರಡು ಕೆಜಿ ಕಲ್ಲು ಒಂದು ಜೇಬಿಗೆ ಹಾಕ್ಕಂಡೆ" ಎಂದರು. "ಮಂಗಳಾರತಿ ತಟ್ಟೆ ಹಿಡ್ದಿದ್ಲಲ್ಲ ನಿಮ್ಮಕ್ಕ, ಆ ಕೈ ನೋಡಿದೆ. ತಟ್ಟೆ ತೂಕಕ್ಕೆ ಆ ನಡುಕ ಬರಲ್ಲ."

ಮೂವತ್ತು ವರ್ಷ ತಕ್ಕಡಿಯ ಮುಂದೆ ಒಂದು ಗುಲಗಂಜಿ ಸುಳ್ಳಾಡದ ಮನುಷ್ಯ.

"ಅವಳಿಗೆ ಹೇಳಬ್ಯಾಡ ಮತ್ತೆ" ಎಂದು ದನಿ ತಗ್ಗಿಸಿದರು. "ತೂಕದಾಗೆ ಮೋಸ ಮಾಡ್ದ ಅಂತ ಗೊತ್ತಾದ್ರೆ ಅವಳ ಕಣ್ಣಾಗೆ ನನ್ನ ಮರ್ಯಾದೆ ಉಳಿಯಲ್ಲ."

ನಾನು ಅಡುಗೆಮನೆಗೆ ಹೋದೆ. ಅಕ್ಕ ಹೀರೇಕಾಯಿ ಹೆರೆಯುತ್ತಿದ್ದಳು. ಜಗಲಿಯ ಮಾತು ಅಲ್ಲಿಗೆ ಕೇಳುವುದಿಲ್ಲ. ಆದರೂ ನನ್ನ ಕಣ್ಣು ಒದ್ದೆಯಾದದ್ದನ್ನು ನೋಡಿ ಏನೆಂದು ಕೇಳಲಿಲ್ಲ.

"ರಾಮಗಿರಿಯಿಂದ ಬಂದ ದಿನ ಅವರ ಕೋಟಿನ ಎಡಗಡೆ ಜೇಬು ಹೊಲಿಗೆ ಬಿಟ್ಟಿತ್ತು ಕಣೇ" ಎಂದಳು ತಾನಾಗಿಯೇ. "ಭಾರದ್ದೇನೋ ಇಟ್ಟು ಜೋತುಬಿದ್ದಂಗಿತ್ತು."

"ಏನಿಟ್ಟಿದ್ರಿ ಅಂತ ಕೇಳಲಿಲ್ವೇನೇ?"

"ಯಾಕೆ ಕೇಳ್ಲಿ?" ಅಕ್ಕ ಇನ್ನೊಂದು ಹೀರೇಕಾಯಿ ಎತ್ತಿಕೊಂಡಳು. "ಎರಡೆಳೆ ದಾರ ಹಾಕಿ ಗಟ್ಟಿಯಾಗಿ ಹೊಲಿದಿಟ್ಟಿದೀನಿ."